ಒಂದು ಗೇಣು ಕೆಳಗಿಟ್ಟ ದೀಪ

"ಗದ್ದ ಎತ್ತಿ."

ಏಣಿಯ ತುದಿಯಿಂದ ಬಂದ ಅಪ್ಪಣೆಗೆ ಕುರ್ಚಿಯಲ್ಲಿ ಕೂತಿದ್ದವನು ಗದ್ದ ಎತ್ತಿದ.

"ಸ್ವಲ್ಪ ಎಡಕ್ಕೆ. ನಿಮ್ಮ ಎಡ ಅಲ್ಲ, ನನ್ನ ಎಡ. ಸಾಕು. ಇನ್ನು ಅಲ್ಲಾಡಬೇಡಿ, ಇನ್ನೂ ಮುಗಿದಿಲ್ಲ. ದೀಪ ನೋಡಬೇಡಿ, ಕಣ್ಣು ಹೋಗುತ್ತೆ."

"ದೀಪ ನೋಡ್ತಿಲ್ಲ. ಏಣಿ ನೋಡ್ತಿದ್ದೀನಿ."

"ಏಣೀಲಿ ಏನಿದೆ ನೋಡೋಕೆ?"

"ಅದರ ಒಂದು ಕಾಲು ಕೇಬಲ್ ಮೇಲಿದೆ."

ಅವಳು ಬಗ್ಗಿ ನೋಡಿದಳು. ಬಗ್ಗಿದ್ದೇ ತಪ್ಪಾಯಿತು. ಕೇಬಲ್ ಉರುಳಿತು, ಏಣಿ ವಾಲಿತು, ಕೈಯಲ್ಲಿದ್ದ ಸ್ಪ್ಯಾನರ್ ಠಣ್ಣೆಂದು ನೆಲಕ್ಕೆ ಬಿತ್ತು. 'ಮುಗೀತು ನನ್ನ ಕಥೆ' ಎಂದುಕೊಳ್ಳುವಷ್ಟರಲ್ಲಿ ಏಣಿ ನಿಂತಿತು.

ಕೆಳಗೆ ನೋಡಿದರೆ ಕುರ್ಚಿಯವನು. ಎರಡೂ ಕೈಯಲ್ಲಿ ಏಣಿ ಹಿಡಿದು, ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲು ಒತ್ತಿ ನಿಂತಿದ್ದಾನೆ. ಯಾವಾಗ ಎದ್ದ, ಯಾವಾಗ ಬಂದ, ಯಾರಿಗೂ ಗೊತ್ತಾಗಲಿಲ್ಲ.

ಬೇರೆ ಯಾರೇ ಆಗಿದ್ದರೂ ಒಂದು ಥ್ಯಾಂಕ್ಸ್ ಹೇಳುತ್ತಿದ್ದರು. ನಮ್ಮ ಹುಡುಗಿ ಹೇಳಿದ್ದು ಬೇರೆ.

"ಮಾರ್ಕ್ ಹಾಕಿದ ಜಾಗ ಬಿಟ್ಟು ಯಾಕೆ ಎದ್ದಿರಿ? ಅಲ್ಲಾಡಬೇಡಿ ಅಂದಿದ್ನಲ್ಲ?"

ಸುತ್ತ ನಿಂತವರೆಲ್ಲ ಕಿಸಕ್ಕನೆ ನಕ್ಕರು. ಅವನಿಗೆ ಮಾತ್ರ ಕೋಪ ಬರಲಿಲ್ಲ. ಕಾಲಿನಿಂದ ಕೇಬಲ್ ಸರಿಸಿ, ಏಣಿ ನೆಟ್ಟಗೆ ಮಾಡಿ, ಹೋಗಿ ಕುರ್ಚಿಯಲ್ಲಿ ಕೂತ. ಗದ್ದವನ್ನು ಮೊದಲಿದ್ದಷ್ಟೇ ಎತ್ತಿ, ಅವಳ ಎಡಕ್ಕೆ ಅಷ್ಟೇ ತಿರುಗಿಸಿ, "ಸರೀನಾ?" ಎಂದ.

ಅವಳ ಎದೆ ಢವಗುಟ್ಟುತ್ತಿತ್ತು. ಬೀಳುತ್ತಿದ್ದೆನಲ್ಲ, ಅದಕ್ಕೇ ಇರಬೇಕು ಅಂದುಕೊಂಡಳು. ಅಂದುಕೊಳ್ಳಲಿ ಬಿಡಿ. ಮೊದಮೊದಲು ಎಲ್ಲರೂ ಹಾಗೇ ಅಂದುಕೊಳ್ಳುವುದು.

ಅದು ಟಿವಿ ಧಾರಾವಾಹಿಯ ಚಿತ್ರೀಕರಣ ನಡೆಯುವ ಜಾಗ. ಹಿಂದೆ ನೂಲಿನ ಗೋದಾಮಾಗಿದ್ದ ಕಟ್ಟಡದೊಳಗೆ ಹಲಗೆಯ ಗೋಡೆ ನಿಲ್ಲಿಸಿ ಶ್ರೀಮಂತರ ಮನೆ ಮಾಡಿದ್ದರು. ಮೆಟ್ಟಿಲಿತ್ತು, ಮಹಡಿ ಇರಲಿಲ್ಲ. ಕಿಟಕಿಗಳಿದ್ದವು, ಆಚೆ ಬಿಸಿಲಿರಲಿಲ್ಲ. ಆ ಬಿಸಿಲನ್ನು ಒದಗಿಸುವುದೇ ಅವಳ ಕೆಲಸ. ಬೆಳಗಿನ ಬಿಸಿಲು, ಸಂಜೆಯ ಬಿಸಿಲು, ಧಾರಾವಾಹಿಯ ಅತ್ತೆಗೆ ಸಿಟ್ಟು ಬಂದಾಗ ಕವಿಯುವ ಮೋಡ, ಎಲ್ಲವೂ ಅವಳ ಕೈಯಲ್ಲೇ ಇತ್ತು. ದೀಪಗಳ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ಅವಳಿಗಿಂತ ವಯಸ್ಸಾದವರೂ 'ಲೈಟಕ್ಕ' ಎನ್ನುತ್ತಿದ್ದರು. ತೀರಿಕೊಂಡ ಅಪ್ಪ ಕೂಡ ಇದೇ ಕೆಲಸ ಮಾಡಿದವರು. "ಮೊದಲು ಕಣ್ಣಿಗೆ ಬೆಳಕು ಮುಟ್ಟಿಸು, ಮಿಕ್ಕಿದ್ದೆಲ್ಲ ಆಮೇಲೆ" ಎಂದು ಹೇಳಿಕೊಟ್ಟಿದ್ದೂ ಅವರೇ.

ಇನ್ನು ಕುರ್ಚಿಯವನು. ದೀಪ ಹೊಂದಿಸಲು ಬಹಳ ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಹೀರೋ ಬಂದು ಕೂರುತ್ತಾನೆಯೇ? ಅವನದೇ ಎತ್ತರ, ಅವನದೇ ಬಣ್ಣದ ಇನ್ನೊಬ್ಬ ಅಂಥದೇ ಕೋಟು ತೊಟ್ಟು ಅವನ ಜಾಗದಲ್ಲಿ ಕೂರುತ್ತಾನೆ. ಎಲ್ಲ ಸರಿಯಾದ ಮೇಲೆ ಇವನು ಏಳುತ್ತಾನೆ, ಹೀರೋ ಬರುತ್ತಾನೆ, ಕ್ಯಾಮೆರಾ ಓಡುತ್ತದೆ. ಇವನ ಮುಖ ಯಾವ ಮನೆಯ ಟಿವಿಯಲ್ಲೂ ಬರುವುದಿಲ್ಲ. ಸೆಟ್ಟಿನವರು ಆ ಹೊಸಬನಿಗೆ 'ನೆರಳಪ್ಪ' ಎಂದು ಹೆಸರಿಟ್ಟರು. ಅವನು ಅದಕ್ಕೂ ಓಗೊಟ್ಟ.

"ಇಷ್ಟು ಹೊತ್ತು ಅಲ್ಲಾಡದೆ ಹೇಗೆ ಕೂರ್ತೀರಿ?" ದೀಪದ ಹಿಂದಿನಿಂದ ಒಂದು ದಿನ ಕೇಳಿದಳು.

"ಕೂರೋದೇ ನನ್ನ ಕೆಲಸ. ಈಜುಕೊಳದಲ್ಲಿ ಎತ್ತರದ ಕುರ್ಚೀಲಿ ಕೂತು ಜನರನ್ನ ಕಾಯ್ತೀನಿ. ಈಗ ಕೊಳ ರಿಪೇರಿಗೆ ಮುಚ್ಚಿದೆ. ತೆಗೆಯೋವರೆಗೆ ಇಲ್ಲಿ."

"ಯಾರಾದ್ರೂ ಮುಳುಗಿದ್ರೆ ಕಿರುಚಿಕೊಳ್ಳಲ್ವಾ? ನೋಡ್ತಾನೇ ಕೂರಬೇಕಾ?"

"ಮುಳುಗೋರು ಕಿರುಚಲ್ಲ. ಗಲಾಟೆ ಮಾಡೋರೆಲ್ಲ ಚೆನ್ನಾಗೇ ಇರ್ತಾರೆ. ಇದ್ದಕ್ಕಿದ್ದ ಹಾಗೆ ಸುಮ್ಮನಾಗ್ತಾರಲ್ಲ, ಅವರನ್ನ ನೋಡ್ಕೋಬೇಕು."

"ಹಾಗಾದ್ರೆ ನನ್ನ ಚಿಂತೆ ಯಾರಿಗೂ ಬೇಡ."

"ನಿಮ್ಮ ದನಿ ಕೇಳ್ತಿರೋವರೆಗೆ ಇಡೀ ಸೆಟ್ಟಿಗೇ ಚಿಂತೆಯಿಲ್ಲ."

ದೀಪದ ಹಿಂದೆ ಅವಳು ತುಟಿ ಕಚ್ಚಿ ನಗು ನುಂಗಿಕೊಂಡಳು. ಅವನಿಗೆ ಕಾಣಲಿಲ್ಲ. ಅಷ್ಟು ದೊಡ್ಡ ದೀಪ ಎದುರಿಗಿದ್ದರೆ ಅದರ ಹಿಂದೆ ನಿಂತವರು ಕತ್ತಲೆಯಲ್ಲೇ ಇರುತ್ತಾರೆ.

"ಅದು ಸರಿ, ನಿಮ್ಮ ಕಣ್ಣೆಲ್ಲಿ ಸ್ವಾಮಿ? ನನಗೆ ಕಾಣ್ತಾನೇ ಇಲ್ಲ."

"ಇರೋ ಜಾಗದಲ್ಲೇ ಇದೆ. ಸ್ವಲ್ಪ ಒಳಗೆ." ಅವನು ನಕ್ಕ, ಆದರೆ ಆ ನಗು ಬೇಗ ಮುಗಿಯಿತು. "ಮನೇಲಿ ಗುಳಿಗಣ್ಣ ಅಂತಾನೇ ಕರೀತಿದ್ರು. ಅಕ್ಕನ ಮದುವೆ ಫೋಟೋದಲ್ಲಿ ನನ್ನ ಮುಖದ ಮೇಲೆ ಎರಡು ಕಪ್ಪು ತೂತು ಅಷ್ಟೇ ಇರೋದು. ನಿನ್ನ ಕಣ್ಣಿಗೆ ಸೂರ್ಯನೂ ಇಳಿಯಲ್ಲ ಕಣೋ ಅಂತಿದ್ರು ಸೋದರತ್ತೆ."

ಅವಳಿಗೆ ಯಾಕೋ ಸಿಟ್ಟೇ ಬಂತು. ಆ ಅತ್ತೆಯ ಮೇಲೋ, ಫೋಟೋ ತೆಗೆದವನ ಮೇಲೋ.

"ಸೂರ್ಯ ಇಳಿಯದೇ ಇರಬಹುದು. ನನ್ನ ದೀಪ ಇಳಿಯುತ್ತೆ. ನೋಡ್ತಿರಿ."

ಸ್ಟ್ಯಾಂಡಿನ ತಿರುಪು ಸಡಿಲಿಸಿ ಮುಖದ ದೀಪವನ್ನು ನಿಧಾನಕ್ಕೆ ಇಳಿಸಿದಳು. ಹುಬ್ಬಿನ ನೆರಳು ಮೇಲೆ ಸರಿಯಿತು. ಒಂದು ಗೇಣು ಇಳಿಯುವಷ್ಟರಲ್ಲಿ ಆ ಗುಳಿಯೊಳಗೆ ಎರಡು ಕಣ್ಣು ಹೊಳೆದವು. ಕಂದು ಬಣ್ಣದ, ಶಾಂತವಾದ, ಯಾರನ್ನೋ ಕಾಯುತ್ತಿರುವಂಥ ಕಣ್ಣು...

'ಇಷ್ಟು ಚೆನ್ನಾಗಿರೋದನ್ನ ಇಷ್ಟು ವರ್ಷ ಯಾರೂ ನೋಡಲಿಲ್ವಾ?'

"ಇಳೀತಾ?" ಎಂದು ಅವನು ಕೇಳಿದ.

"ಇಳೀತು," ಅಂದಳು. ದನಿ ಯಾಕೋ ಸಣ್ಣಗಾಗಿತ್ತು.

ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಎಲ್ಲರಿಗಿಂತ ಮೊದಲು ಸೆಟ್ಟಿಗೆ ಬರುವಳು. ಉಜ್ಜಿದ ಗಾಜನ್ನೇ ಮತ್ತೆ ಉಜ್ಜುವಳು. ಬಾಗಿಲು ಕಿರ್ ಎಂದರೆ ತಿರುಗುವಳು, ಬಂದವರು ಬೇರೆ ಯಾರಾದರೂ ಆದರೆ ಅವರಿಗೆ ಸುಮ್ಮನೆ ಬೈಯುವಳು. ಮನೆಯಲ್ಲೂ ಅದೇ ಪಾಡು. ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ.

"ಕೂತ್ಕೊಳೆ ಮಾರಾಯ್ತಿ, ನೆಲ ಸವೀತಿದೆ," ಎಂದರು ಅಮ್ಮ. ಟಿವಿ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದರು. "ಅಂದ ಹಾಗೆ, ನಿಮ್ಮ ಹೀರೋಗೆ ಏನಾಗಿದೆ? ಈಚೆಗೆ ಗದ್ದ ಎರಡಾಗಿದೆ."

"ಅಮ್ಮ, ಸುಮ್ನಿರು."

"ನಾನ್ಯಾಕೆ ಸುಮ್ನಿರಲಿ? ಬಂದು ನೋಡು ಬೇಕಾದ್ರೆ. ಒಂದು, ಅದರ ಕೆಳಗೆ ಇನ್ನೊಂದು."

ಅವಳು ನೋಡಲಿಲ್ಲ. ನೋಡಬೇಕಾಗಿತ್ತು. ಪಾಪ, ಆ ಹೀರೋ ಆಗಲೇ ಮಾನಿಟರಿನಲ್ಲಿ ತನ್ನ ಗದ್ದ ನೋಡಿಕೊಂಡು ಊಟ ಬಿಟ್ಟಿದ್ದ. ಬರೀ ಸೌತೆಕಾಯಿ ತಿನ್ನುತ್ತಿದ್ದ. ತಿಂದಷ್ಟೂ ಮುಖ ಬಾಡಿತೇ ಹೊರತು ಗದ್ದ ಒಂದಾಗಲಿಲ್ಲ.

ಕ್ಯಾಮೆರಾ ಮುಖ್ಯಸ್ಥರು ಕಣ್ಣಿನ ಆಪರೇಷನ್‌ಗೆಂದು ರಜದಲ್ಲಿದ್ದರು. ಅವಳ ಅಪ್ಪನ ಗೆಳೆಯರು, ಅವಳ ಬಾಯಲ್ಲಿ 'ಚಿಕ್ಕಪ್ಪ'. "ನಾನು ಬರೋವರೆಗೆ ಬೆಳಕೆಲ್ಲ ನಿನ್ನ ಜವಾಬ್ದಾರಿ" ಎಂದು ನಂಬಿ ಹೋಗಿದ್ದರು. ಹೊಸ ಕಣ್ಣಿನೊಂದಿಗೆ ಹಿಂದಿರುಗಿದವರು ಮಾನಿಟರಿನ ಮುಂದೆ ಒಂದು ನಿಮಿಷ ಕೂತರು, ಎದ್ದರು, ದೀಪದ ಸ್ಟ್ಯಾಂಡಿನ ಪಕ್ಕ ಕೈಬೆರಳು ಅಗಲಿಸಿ ಅಳೆದರು.

"ಮುಖದ ದೀಪ ಒಂದು ಗೇಣು ಕೆಳಗಿದೆ."

"ಹೌದಾ?"

"ಮೇಲಿದ್ರೆ ಗದ್ದದ ಕೆಳಗೆ ನೆರಳು ಬಿದ್ದು ಹೀರೋನ ಎರಡನೇ ಗದ್ದ ಮುಚ್ಚಿಹೋಗುತ್ತೆ. ಇಷ್ಟು ಇಳಿಸಿದ್ರೆ ಬಿಚ್ಚಿಟ್ಟ ಹಾಗೆ ಕಾಣುತ್ತೆ. ಇದನ್ನ ನಿನಗೆ ನಾನು ಹೇಳಿಕೊಡಬೇಕಾ? ಎಲ್ಲ ಎಪಿಸೋಡಲ್ಲೂ ಹೀಗೇ ಇದೆ. ಯಾಕೆ ಇಳಿಸಿದೆ?"

"ಗೊತ್ತಿಲ್ಲ ಚಿಕ್ಕಪ್ಪ." ಒಂದು ದಿನ ಇಳಿಸಿದ್ದು ನೆನಪಿತ್ತು, ದಿನಾ ಹಾಗೇ ಇಳಿಯುತ್ತಿದೆ ಎಂದು ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು.

ಊಟದ ಬಿಡುವಿನಲ್ಲಿ ಒಬ್ಬಳೇ ನಿಂತು ದೀಪವನ್ನು ಒಂದು ಗೇಣು ಮೇಲೆತ್ತಿದಳು. ತಿರುಪು ಬಿಗಿದಳು. ಎಲ್ಲರಿಗಿಂತ ಮೊದಲು ಅವನು ಊಟ ಮುಗಿಸಿ ಬಂದು ಕುರ್ಚಿಯಲ್ಲಿ ಕೂತ, ಗದ್ದ ಎತ್ತಿದ.

ಅವನ ಕಣ್ಣು ಕತ್ತಲೆಯಲ್ಲಿ ಮುಚ್ಚಿಹೋದವು. ಎರಡು ಕಪ್ಪು ತೂತು.

ಅವಳ ಕೈ ತಾನಾಗಿಯೇ ಮೇಲೆ ಹೋಯಿತು, ತಿರುಪು ಸಡಿಲಿಸಿತು, ದೀಪವನ್ನು ಇಳಿಸತೊಡಗಿತು. ಅರ್ಧ ಇಳಿಸಿದ ಮೇಲೆ ಅವಳು ತನ್ನ ಕೈಯನ್ನೇ ನೋಡಿದಳು.

'ಅಯ್ಯೋ ದೇವರೇ... ಇದಾ ವಿಷಯ?'

ಇವನು ಎದ್ದು ಹೀರೋ ಬಂದು ಕೂತರೂ ಅವಳ ಕಣ್ಣಿಗೆ ಕಾಣುತ್ತಿದ್ದುದು ಇವನ ಮುಖವೇ. ಇವನಿಗೆ ಹೊಂದಿಸಿದ ಬೆಳಕಿನಲ್ಲಿ ಹೀರೋನನ್ನು ಕೂರಿಸಿ, ಎಲ್ಲ ಸರಿಯಾಗಿದೆ ಎಂದು ತಲೆಯಾಡಿಸುತ್ತಾ ಬಂದಿದ್ದಳು. ಮನೆಮನೆಯ ಜನ ನೋಡಿದ್ದು ಹೀರೋನ ಗದ್ದವನ್ನಲ್ಲ, ಅವಳ ಮನಸ್ಸನ್ನು. ಅಮ್ಮ ಬಟಾಣಿ ಸುಲಿಯುತ್ತಾ ನೋಡಿದ್ದೂ ಅದನ್ನೇ!

ಅಂದಿನಿಂದ ಅವಳು ಮಾತು ನಿಲ್ಲಿಸಿದಳು. ಗದ್ದ ಎತ್ತಿ ಎನ್ನಲಿಲ್ಲ, ಎಡಕ್ಕೆ ಎನ್ನಲಿಲ್ಲ. ಯಾರಿಗೂ ಬೈಯಲಿಲ್ಲ. ಅವನ ಕಡೆ ನೋಡದೆ ಕೆಲಸ ಮಾಡಲು ಹೋಗಿ ಎರಡು ಸಲ ಕೈ ಸುಟ್ಟುಕೊಂಡಳು.

"ನನ್ನಿಂದ ಏನಾದ್ರೂ ತಪ್ಪಾಯ್ತಾ?" ಎಂದು ಅವನು ಮೆಲ್ಲಗೆ ಕೇಳಿದ.

"ಇಲ್ಲ."

ಎಷ್ಟು ಪ್ರಯತ್ನಪಟ್ಟರೂ ದೀಪ ಮಾತ್ರ ಪ್ರತಿ ಸಲ ಒಂದು ಗೇಣು ಕೆಳಗೇ ಬಂದು ನಿಲ್ಲುತ್ತಿತ್ತು. ಚಿಕ್ಕಪ್ಪ ಮಾತಾಡದೆ ಬಂದು ಎತ್ತಿಡುತ್ತಿದ್ದರು. ಅವರು ಬೈದಿದ್ದರೆ ಅವಳಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಅಪ್ಪ ಕಲಿಸಿದ ಕೆಲಸವನ್ನು ತನ್ನ ಕೈಯೇ ಕೆಡಿಸುತ್ತಿದೆ. ಇವನು ಎದುರಿಗಿರುವವರೆಗೆ ಈ ಕೈ ತನ್ನ ಮಾತು ಕೇಳುವುದಿಲ್ಲ. ಇನ್ನೇನು ಮಾಡುವುದು?

ಸೀದಾ ಮ್ಯಾನೇಜರ್ ಬಳಿ ಹೋದಳು.

"ಆ ಕುರ್ಚಿಗೆ ಬೇರೆಯವರನ್ನ ಕರೆಸಿ."

"ಯಾಕಕ್ಕಾ? ಒಳ್ಳೇ ಮನುಷ್ಯ, ಹೇಳಿದ ಹಾಗೆ ಕೂರ್ತಾನೆ."

ಏನೆಂದು ಹೇಳುವುದು? ನಿಜ ಹೇಳಲಾದೀತೇ? ಬಾಯಿಗೆ ಬಂದದ್ದು ಹೇಳಿದಳು. "ಆ ಕಣ್ಣಿಗೆ ಬೆಳಕು ಇಳಿಯಲ್ಲ. ಆ ಮುಖ ಇಟ್ಕೊಂಡು ನನಗೆ ಕೆಲಸ ಮಾಡೋಕೆ ಆಗ್ತಿಲ್ಲ. ಬೇಡ ಅಂದ್ರೆ ಬೇಡ."

ಹಲಗೆಯ ಗೋಡೆಗೆ ಒಂದೇ ಮುಖ. ಹಿಂದೆ ಯಾರು ನಿಂತಿದ್ದಾರೆಂದು ಯಾರು ನೋಡುತ್ತಾರೆ? ಗೋಡೆಯ ಪಕ್ಕದಿಂದ ಅವನು ಬಂದ. ಕೋಟನ್ನು ಆಗಲೇ ಬಿಚ್ಚಿ ಮಡಿಸಿ ಕೈಯಲ್ಲಿ ಹಿಡಿದಿದ್ದ.

"ಅತ್ತೆ ಹೇಳಿದ್ದು ಸರಿಯಾಗೇ ಇತ್ತು ಅನ್ನಿ," ಎಂದ. ನಗಲು ನೋಡಿದ. ಕಣ್ಣೆತ್ತದೆ ಕೋಟನ್ನು ಮೇಜಿನ ಮೇಲಿಟ್ಟು, "ಏಣಿ ಹತ್ತುವಾಗ ಕಾಲ್ಕೆಳಗೆ ನೋಡ್ಕೊಳ್ಳಿ" ಎಂದು ಹೇಳಿ ಹೊರಟುಹೋದ.

ದಿನವಿಡೀ ಸೆಟ್ಟು ಹಾರಿಹೋಗುವಂತೆ ಕೂಗುತ್ತಿದ್ದವಳಿಗೆ 'ನಿಲ್ಲಿ' ಎಂಬ ಒಂದು ಮಾತು ಹೊರಡಲಿಲ್ಲ.

ಹೊಸದಾಗಿ ಬಂದವನು ಗುಂಡುಗುಂಡಗಿದ್ದ, ಕೂತ ಕೂಡಲೇ ಗೊರಕೆ ಹೊಡೆಯುತ್ತಿದ್ದ. ಅವನ ಕಣ್ಣು ಎಲ್ಲಿದ್ದರೂ ಅವಳಿಗೆ ಆಗಬೇಕಾದದ್ದೇನೂ ಇರಲಿಲ್ಲ. ದೀಪ ಇರಬೇಕಾದ ಎತ್ತರದಲ್ಲೇ ನಿಂತಿತು. ಹೀರೋನ ಗದ್ದ ಒಂದಾಯಿತು. ಸೌತೆಕಾಯಿಯಿಂದಲೇ ಇಷ್ಟೆಲ್ಲ ಆಯಿತೆಂದು ನಂಬಿ ಅವನು ಸಿಕ್ಕಸಿಕ್ಕವರಿಗೆಲ್ಲ ಸೌತೆಕಾಯಿಯ ಗುಣ ಹೇಳುತ್ತಾ ತಿರುಗಿದ. ಎಲ್ಲರೂ ಖುಷಿಯಾಗಿದ್ದರು.

ಅವಳೊಬ್ಬಳಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಸೂರ್ಯನೂ ಇಳಿಯದ ಕಣ್ಣಿಗೆ ನನ್ನ ದೀಪ ಇಳಿಯುತ್ತೆ ಎಂದವಳು ತಾನೇ. ಅದೇ ಬಾಯಲ್ಲಿ ಇಳಿಯುವುದಿಲ್ಲ ಎಂದವಳೂ ತಾನೇ. ಅವನ ಸೋದರತ್ತೆಯಾದರೂ ತಮಾಷೆಗೆ ಅಂದಿದ್ದರು. ತಾನು ಅಂದದ್ದು?

"ಏನಾಯ್ತೇ?" ಭಾನುವಾರ ಬೆಳಿಗ್ಗೆ ಅಮ್ಮ ಕೇಳಿದರು. "ನೀನು ಬೈಯದೆ ಮನೆ ಮನೆ ಥರಾನೇ ಇಲ್ಲ."

ಅಷ್ಟೇ ಸಾಕಾಯಿತು. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಎಲ್ಲವನ್ನೂ ಹೇಳಿ ಅತ್ತಳು. ಎಲ್ಲ ಕೇಳಿದ ಅಮ್ಮ ಸೆರಗಿನಿಂದ ಅವಳ ಮೂಗು ಒರೆಸಿದರು.

"ಅಂದ್ರೆ ಆ ಎರಡನೇ ಗದ್ದ ನಿನ್ನ ಕೆಲಸ."

"ಅಮ್ಮಾ..."

"ಸರಿ ಸರಿ. ಆ ಈಜುಕೊಳ ಎಷ್ಟು ಹೊತ್ತಿಗೆ ತೆಗೀತಾರೆ, ಅದು ಹೇಳು."

"ಏನಂತ ಹೋಗಲಿ? ಅವರು ನನ್ನ ಮುಖ ನೋಡ್ತಾರಾ?"

"ನೋಡದಿದ್ರೆ ಬಿಡಲಿ. ನೀನು ಅಂದಿದ್ದನ್ನ ನೀನೇ ಹೋಗಿ ವಾಪಸ್ ತಗೋಬೇಕು. ಅದಕ್ಕೆ ಬೇರೆಯವರನ್ನ ಕಳಿಸೋಕೆ ಆಗುತ್ತಾ?"

ರಿಪೇರಿ ಮುಗಿದು ಈಜುಕೊಳ ಮತ್ತೆ ತೆರೆದಿತ್ತು. ಎತ್ತರದ ಕಿಟಕಿಗಳಿಂದ ಬಿಸಿಲು ನೇರವಾಗಿ ನೀರಿಗೆ ಬೀಳುತ್ತಿತ್ತು. ಎತ್ತರದ ಬಿಳಿ ಕುರ್ಚಿಯಲ್ಲಿ, ಕೊರಳಿಗೆ ಸೀಟಿ ಹಾಕಿಕೊಂಡು, ಅವನು ಕೂತಿದ್ದ. ಅವಳು ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ನೆಲದ ಮೇಲೆ ನಡೆದು ಕುರ್ಚಿಯ ಬುಡಕ್ಕೆ ಬಂದಳು. ತಲೆ ಎತ್ತಿ ನೋಡಿದಳು. ಬಂದದ್ದು ಯಾಕೆಂಬುದೇ ಮರೆತುಹೋಯಿತು.

ನೀರಿಗೆ ಬಿದ್ದ ಬಿಸಿಲು ಕೆಳಗಿನಿಂದ ಎದ್ದು ಅವನ ಮುಖಕ್ಕೆ ಬಡಿಯುತ್ತಿತ್ತು. ಎರಡೂ ಕಣ್ಣು ತುಂಬ ಬೆಳಕು. ಸ್ಟ್ಯಾಂಡಿಲ್ಲ, ತಿರುಪಿಲ್ಲ, ಯಾರ ಕೈಯೂ ಇಲ್ಲ.

"ಇಲ್ಲಿ... ನಿಮಗೆ ಬೆಳಕು ಚೆನ್ನಾಗಿದೆ," ಎಂದಳು.

ಆ ದನಿಗೆ ಅವನ ಭುಜ ಅಲುಗಿತು. ತಲೆ ಮಾತ್ರ ತಿರುಗಲಿಲ್ಲ.

"ಕೋಪ ಅಂದ್ಕೋಬೇಡಿ," ಎಂದ. "ಒಬ್ಬರು ನೀರಲ್ಲಿದ್ರೂ ನಾನು ಕಣ್ಣು ತಿರುಗಿಸೋ ಹಾಗಿಲ್ಲ. ಹೇಳಿ, ಕೇಳಿಸ್ಕೊತೀನಿ."

ನೀರಿನಲ್ಲಿ ಒಬ್ಬರೇ ಉಳಿದಿದ್ದರು. ಹೂವಿನ ಚಿತ್ರದ ಟೋಪಿ ಹಾಕಿದ ಅಜ್ಜಿ, ಅಂಗಾತ ತೇಲುತ್ತಾ ಹತ್ತಿರಕ್ಕೇ ಬರುತ್ತಿದ್ದರು.

ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಅವನು ನೋಡಿದ್ದರೆ ಅವಳಿಗೆ ಹೇಳಲು ಆಗುತ್ತಿರಲಿಲ್ಲ.

"ನಾನು ಸುಳ್ಳು ಹೇಳಿದೆ," ಎಂದು ಶುರುಮಾಡಿದಳು. "ನಿಮ್ಮ ಕಣ್ಣಿಗೆ ಬೆಳಕು ಇಳಿಯಲ್ಲ ಅಂದಿದ್ದು ಸುಳ್ಳು. ಇಳೀತು. ಇಳಿದ ಮೇಲೆ ಎತ್ತೋಕೆ ನನ್ನಿಂದ ಆಗಲಿಲ್ಲ. ಹೀರೋ ಬಂದು ಕೂತ್ರೂ ದೀಪ ನಿಮ್ಮ ಮುಖಕ್ಕೇ ಇರ್ತಿತ್ತು. ಅವರಿಗೆ ಎರಡು ಗದ್ದ ಬಂದಿದ್ದು ಅದಕ್ಕೇ. ಪಾಪ, ಸೌತೆಕಾಯಿ ತಿಂದು ತಿಂದು ಸೊರಗಿಹೋದ್ರು."

"ಏನು?"

"ಮಧ್ಯದಲ್ಲಿ ಮಾತಾಡಬೇಡಿ, ನಿಂತುಹೋಗುತ್ತೆ. ಅಪ್ಪ ಹೇಳಿಕೊಟ್ಟಿದ್ದು, ಯಾರು ಕೂತಿದ್ದಾರೋ ಅವರನ್ನ ನೋಡಿ ದೀಪ ಇಡು ಅಂತ. ನನಗೆ ಯಾರು ಕೂತ್ರೂ ನೀವೇ ಕಾಣ್ತಿದ್ರಿ. ಕೆಲಸ ಕೆಡ್ತು. ನಿಮ್ಮನ್ನ ಕಳಿಸಿದ್ರೆ ಸರಿಹೋಗುತ್ತೆ ಅಂದ್ಕೊಂಡೆ. ಕೆಲಸ ಸರಿಹೋಯ್ತು. ನಾನು ಸರಿಹೋಗಲಿಲ್ಲ... ಇಷ್ಟೇ. ನೀವು ನನ್ನ ಜೊತೆ ಮಾತಾಡದಿದ್ರೂ ಪರವಾಗಿಲ್ಲ. ಆದ್ರೆ ಆ ಮಾತನ್ನ ಮನಸ್ಸಲ್ಲಿ ಇಟ್ಕೋಬೇಡಿ. ನಾನು ನೋಡಿದ ಕಣ್ಣುಗಳಲ್ಲೆಲ್ಲ ನನಗೆ ಬೇಕು ಅನ್ನಿಸಿದ್ದು ನಿಮ್ಮದೊಂದೇ."

ಅವನು ನೀರನ್ನೇ ನೋಡುತ್ತಿದ್ದ.

"ತಪ್ಪು ನಂದೂ ಇದೆ," ಎಂದ ಕೊನೆಗೆ. "ಸುಮ್ಮನಾದವರನ್ನ ನೋಡ್ಕೋಬೇಕು ಅಂತ ಹೇಳಿದವನು ನಾನು. ನೀವು ಸುಮ್ಮನಾದಾಗ ನನ್ನ ಮೇಲೇ ಬೇಜಾರು ಅಂದ್ಕೊಂಡು ಕೂತುಬಿಟ್ಟೆ. ಈ ಕೆಲಸಕ್ಕೆ ಸೇರಿದ ಮೇಲೆ ಕೈಬಿಟ್ಟಿದ್ದು ನಿಮ್ಮೊಬ್ಬರನ್ನೇ."

ಅಜ್ಜಿ ಅಷ್ಟರಲ್ಲಿ ಕುರ್ಚಿಯ ಕೆಳಗೇ ಬಂದು ತಲುಪಿದ್ದರು.

"ಏನಪ್ಪಾ, ನಾನು ಇನ್ನೊಂದು ಸುತ್ತು ಹಾಕ್ಲಾ, ಇಲ್ಲಾ ಹೊರಗೆ ಬರ್ಲಾ?"

"ಬನ್ನಿ ಅಜ್ಜಿ," ಎಂದ ಅವನು. "ದಯವಿಟ್ಟು ಬನ್ನಿ."

"ಬರ್ತೀನಿ, ಬರ್ತೀನಿ. ನನ್ನಿಂದ ಯಾರಿಗೂ ತಡ ಆಗೋದು ಬೇಡ."

ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಆ ಮೆಟ್ಟಿಲುಗಳು ಮುಗಿಯುವುದೇ ಇಲ್ಲವೇನೋ ಎನ್ನಿಸಿತು ಅವಳಿಗೆ. ಅಜ್ಜಿಯ ಕಾಲು ನೆಲಕ್ಕೆ ತಾಕಿದ್ದೇ ತಡ, ಅವನು ಸೀಟಿ ಊದಿ ಕುರ್ಚಿಯಿಂದ ಇಳಿದ. ತಿರುಗಿದ. ಅವಳ ಎದುರು ನಿಂತ.

ಅವಳು ತಲೆ ತಗ್ಗಿಸಿದಳು.

"ನಿಮಗೊಂದು ವಿಷಯ ಗೊತ್ತಾ?" ಎಂದ. "ನಿಮ್ಮ ಮುಖ ನಾನು ಇದುವರೆಗೂ ಸರಿಯಾಗಿ ನೋಡಿಲ್ಲ. ದೀಪದ ಹಿಂದೆ ನೀವು ಕತ್ತಲೇಲಿ. ದೀಪ ಆರಿಸಿ ಮುಂದೆ ಬಂದ್ರೆ ನನ್ನ ಕಣ್ಣಲ್ಲಿ ದೀಪದ್ದೇ ಹಸಿರು ಚುಕ್ಕೆ, ಸರಿಯಾಗಿ ನಿಮ್ಮ ಮುಖದ ಮೇಲೆ. ಅದು ಹೋಗೋಷ್ಟರಲ್ಲಿ ನೀವು ಇನ್ಯಾರಿಗೋ ಬೈಯೋಕೆ ಹೋಗಿರ್ತಿದ್ರಿ. ನನಗೆ ಗೊತ್ತಿದ್ದಿದ್ದು ನಿಮ್ಮ ದನಿ ಒಂದೇ. ಅಷ್ಟಕ್ಕೇ..."

"ಅಷ್ಟಕ್ಕೇ?"

"ಅಷ್ಟಕ್ಕೇ ಸಾಕಾಗಿತ್ತು."

ಅವಳ ಕಣ್ಣು ತುಂಬಿ ಬಂತು. ಎಲ್ಲರಿಗೂ ಬೆಳಕು ಹಿಡಿದವಳನ್ನು ಬೆಳಕಿನಲ್ಲಿ ನಿಲ್ಲಿಸಿ ನೋಡಬೇಕೆಂದು ಈವರೆಗೆ ಯಾರಿಗೂ ಅನ್ನಿಸಿರಲಿಲ್ಲ.

"ಸ್ವಲ್ಪ ಎಡಕ್ಕೆ ಬನ್ನಿ," ಎಂದ ಅವನು.

"ನನ್ನ ಎಡಕ್ಕಾ, ನಿಮ್ಮ ಎಡಕ್ಕಾ?"

"ನನ್ನ ಎಡಕ್ಕೆ."

ಬಂದಳು. ನೀರಿನ ಬೆಳಕು ಅವಳ ಕೆನ್ನೆಯ ಮೇಲೆ ಓಡಾಡಿತು.

"ಗದ್ದ ಎತ್ತಿ."

ಎತ್ತಿದಳು. ಕಣ್ಣೀರು ಕೆನ್ನೆಗಿಳಿಯಿತು. ಒರೆಸಿಕೊಳ್ಳಲು ಕೈ ಎತ್ತಿದರೆ ಅವನು ಆ ಕೈ ಹಿಡಿದುಕೊಂಡ.

"ಎಷ್ಟು ಹೊತ್ತು ಹೀಗೇ ನಿಲ್ಲಬೇಕು?" ಎಂದು ಕೇಳಿದಳು, ಅಳುವಿನ ನಡುವೆಯೇ ನಗುತ್ತಾ.

"ಅಲ್ಲಾಡಬೇಡಿ," ಎಂದ ಅವನು. "ಇನ್ನೂ ಮುಗಿದಿಲ್ಲ."